ಇಂದಿನ ಧಮ್ಮ ಚಿಂತನ: ಹಳೆಯ ವಾಚು ಮತ್ತು ಸಾಲವಿಲ್ಲದ ಸುಖ



ಬಂಧುಗಳೇ, ನಮ್ಮ ಭಾನುವಾರದ ಓದಿಗೆ ಬರುವ ಬಿ.ಎ. ವಿದ್ಯಾರ್ಥಿಯೊಬ್ಬ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದ. ಹಾಸ್ಟೆಲಿನಲ್ಲಿರುವ ಹುಡುಗ. ರಜೆಯಲ್ಲಿ ಮದುವೆ ಛತ್ರಗಳಿಗೆ ಬಡಿಸಲು ಹೋಗಿ ಎರಡು ಸಾವಿರ ರೂಪಾಯಿ ಕೂಡಿಸಿದ್ದಾನೆ. "ಸರ್, ಕೀ ಕೊಡೋ ಹಳೇ ವಾಚ್ ಒಂದು ತಗೋಬೇಕು ಅಂತ ಬಹಳ ದಿನದ ಆಸೆ. ಇದು ತೃಷ್ಣೆ ಆಗುತ್ತಾ? ತಗೊಂಡ್ರೆ ಯಾವುದು ತಗೊಳ್ಳಲಿ?" ಎಂದು ಕೇಳಿದ. ಹಿರಿಯರೊಬ್ಬರು, "ಮೊಬೈಲಿನಲ್ಲೇ ಟೈಮ್ ಕಾಣುತ್ತಲ್ಲಪ್ಪ, ಬೌದ್ಧನಿಗೆ ಇದೆಲ್ಲ ಯಾಕೆ?" ಎಂದು ಬರೆದರು. ಅವರ ಮೇಲೆ ಗೌರವವಿದೆ, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇಂದೂರು ಸೀಮೆಯ ಬಲಾಯಿ ಜನರ ಸಂಗತಿ ಹೇಳುತ್ತಾರೆ. 1928ರಲ್ಲಿ ಪತ್ರಿಕೆಯಲ್ಲಿ ಬಂದ ವರದಿ ಅದು. ಜರಿಯಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ತೊಡಬಾರದು ಎಂದು ಮೇಲ್ಜಾತಿಯವರು ಕಟ್ಟಳೆ ಮಾಡಿದರು. ಒಪ್ಪದವರಿಗೆ ಬಾವಿಯ ನೀರು ತಪ್ಪಿಸಿದರು, ಅವರ ದನ ಮೇಯಲು ಬಿಡಲಿಲ್ಲ. ಮೈಮೇಲೆ ಏನಿರಬೇಕೆಂದು ಬೇರೆಯವರು ತೀರ್ಮಾನಿಸುತ್ತಿದ್ದ ಜನರ ಮೊಮ್ಮಗನಿಗೆ, ದುಡಿದ ಹಣದಲ್ಲಿ ಒಂದು ವಾಚು ಕಟ್ಟಿಕೊಳ್ಳಬೇಡ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಇದ್ದವರು ಸಂಪತ್ತನ್ನು ತ್ಯಜಿಸುವುದು ದೊಡ್ಡದಿರಬಹುದು, ಆದರೆ ಬಡತನವನ್ನೇ ಪವಿತ್ರವೆಂದು ಸಾರುವುದು ಧರ್ಮದ ಕೆಲಸವಲ್ಲ ಎಂದು 1950ರ ಲೇಖನದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ.

ಇನ್ನು ಯಾವ ವಾಚು? ನನ್ನ ಕೇಳಿದರೆ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ, ಆಮೇಲೆ ತುಮಕೂರಿನಲ್ಲೂ ಆಯಿತು. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚುವ ತೀರ್ಮಾನ ಮಾಡಿತು. ಜನತಾ 17 ಜ್ಯುವೆಲಿನ, ದಿನಕ್ಕೊಮ್ಮೆ ಕೀ ಕೊಡುವ ವಾಚು. ತಾರೀಖು ತೋರಿಸುವುದಿಲ್ಲ, ಹಾಗಾಗಿ ಕೆಡುವ ಭಾಗವೂ ಒಂದು ಕಡಿಮೆ. ಹಳಬರಾದ ರಿಪೇರಿಯವರಿಗೆ ಅದರ ಒಳಗೆಲ್ಲ ಗೊತ್ತು, ಬಿಡಿಭಾಗ ಬೇಕಾದರೆ ಇನ್ನೊಂದು ಕೆಟ್ಟ ಜನತಾದಿಂದ ಕಿತ್ತು ಹಾಕುತ್ತಾರೆ. ಮೊದಲ ವಾಚಿಗೆ ಇದಕ್ಕಿಂತ ಬೇರೆ ಅನುಕೂಲ ಏನು ಬೇಕು?

ಆದರೆ ನಾನು ಹೇಳಿದೆ ಎಂದು ತೆಗೆದುಕೊಳ್ಳಬೇಡ ಮಗ. ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದು ನಿನಗೆ ನೆನಪಿರಬೇಕು, ಹೋದ ತಿಂಗಳು ಓದಿದೆವು. ಎಲ್ಲರೂ ಹೇಳುತ್ತಾರೆಂದು ನಂಬಬೇಡಿ, ಪರಂಪರೆ ಎಂದು ನಂಬಬೇಡಿ, ನಮ್ಮ ಗುರು ಹೇಳಿದರೆಂದೂ ನಂಬಬೇಡಿ. ಹಳೆಯ ವಾಚಿನ ವ್ಯಾಪಾರದಲ್ಲಿ ಈ ಮಾತಿನ ಬೆಲೆ ಗೊತ್ತಾಗುತ್ತದೆ. "ಒರಿಜಿನಲ್, ಯಾರೋ ಕಟ್ಟದೆ ಇಟ್ಟಿದ್ದ ಪೀಸು" ಎನ್ನುತ್ತಾರೆ. ನಲವತ್ತು ವರ್ಷದ ವಾಚಿನ ಡಯಲ್ ನಿನ್ನೆ ಬಂದಂತೆ ಫಳಫಳ ಅನ್ನುತ್ತಿದ್ದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿರುವ ಸಂಭವವೇ ಹೆಚ್ಚು. ಭೂತಗನ್ನಡಿ ಹಿಡಿದು ನೋಡು, ಅಕ್ಷರದ ಅಂಚು ಒಡೆದಿರುತ್ತದೆ, ಗೆರೆಗಳು ಸೊಟ್ಟಗಿರುತ್ತವೆ. ಸ್ವಲ್ಪ ಹಳದಿಗೆ ತಿರುಗಿದ, ಚುಕ್ಕೆ ಬಿದ್ದ ಡಯಲನ್ನೇ ನಾನಾದರೆ ಆರಿಸುತ್ತೇನೆ. ಹಿಂದಿನ ಮುಚ್ಚಳ ತೆಗೆಸಿ ನೋಡು. ತೆಗೆಯಲು ಒಪ್ಪದವನ ಹತ್ತಿರ ವ್ಯಾಪಾರ ಬೇಡ. ಒಳಗೆ ತುಕ್ಕಿನ ಗುರುತಿದೆಯೇ, ಸ್ಕ್ರೂಗಳ ತಲೆ ಸವೆದಿದೆಯೇ, ಮೆಷಿನ್ ಮೇಲೆ ಎಚ್‌ಎಂಟಿ ಎಂದಿದೆಯೇ ಎಂದು ನೋಡು. ಆಮೇಲೆ ನಿಧಾನವಾಗಿ ಕೀ ಕೊಡು. ಬರುಬರುತ್ತಾ ಬಿಗಿಯಾಗಿ ಒಂದು ಕಡೆ ನಿಲ್ಲಬೇಕು, ಅಲ್ಲಿಂದ ಮುಂದೆ ಒತ್ತಬೇಡ. ಎಷ್ಟು ತಿರುಗಿಸಿದರೂ ನಿಲ್ಲದಿದ್ದರೆ ಸ್ಪ್ರಿಂಗಿನ ಕಡೆ ತೊಂದರೆಯಿದೆ. ಮುಖ ಮೇಲೆ ಮಾಡಿ, ಕೆಳಗೆ ಮಾಡಿ, ನಿಲ್ಲಿಸಿ, ಕಿವಿಗಿಟ್ಟು ಕೇಳು. ಒಂದು ರಾತ್ರಿ ಇಟ್ಟುಕೊಂಡು ನೋಡಲು ಕೊಟ್ಟರೆ ಮೊಬೈಲಿನ ಟೈಮಿಗೆ ಹೋಲಿಸು. ದಿನಕ್ಕೆ ಒಂದೆರಡು ನಿಮಿಷ ಹೆಚ್ಚುಕಮ್ಮಿ ಆದರೆ ವಯಸ್ಸಾದ ವಾಚಿಗೆ ಅದು ಸಹಜ.

ಎರಡು ಸಾವಿರವನ್ನೂ ವಾಚಿಗೇ ಸುರಿಯಬೇಡ, ಸರ್ವಿಸಿಗೆ ಒಂದಷ್ಟು ಎತ್ತಿಡು. ನೀರು ತಾಗಿಸಬೇಡ.

ಈಗ ನನಗೆ ನಿಜವಾಗಿ ಆತಂಕ ಹುಟ್ಟಿಸಿದ ವಿಷಯ. ಆಮೇಲೆ ಆ ಹುಡುಗ ಬೇರೆಯಾಗಿ ಇನ್ನೊಂದು ಮೆಸೇಜ್ ಹಾಕಿದ: ಹನ್ನೆರಡು ಸಾವಿರದ ಒಂದು ವಿದೇಶಿ ಹಳೇ ವಾಚು ಆನ್‌ಲೈನಿನಲ್ಲಿದೆ, ಮೊಬೈಲ್ ಆ್ಯಪಿನಲ್ಲಿ ಐದು ನಿಮಿಷಕ್ಕೆ ಸಾಲ ಸಿಗುತ್ತದೆ, ತಿಂಗಳು ತಿಂಗಳು ಕಟ್ಟಿದರಾಯಿತು ಎಂದು. ಅವನ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ, ಇದು ಅವನೊಬ್ಬನ ವಿಷಯವಲ್ಲ.

ಶ್ರಾವಸ್ತಿಯ ಗೃಹಸ್ಥ ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖ ಹೇಳುತ್ತಾರೆ. ಧರ್ಮದಿಂದ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿಂದೆಗೆ ಎಡೆಯಿಲ್ಲದ ನಡತೆಯ ಸುಖ. ಅನುಭವಿಸುವುದನ್ನು ಅವರು ಸುಖವೆಂದೇ ಎಣಿಸಿದ್ದಾರೆ, ಗಮನಿಸಿ. ಅದರ ಪಕ್ಕದಲ್ಲೇ ಅನಣಸುಖವನ್ನು, ಅಂದರೆ ಸಾಲವಿಲ್ಲದಿರುವುದನ್ನು, ಇಟ್ಟಿದ್ದಾರೆ. ಇಣಸುತ್ತದಲ್ಲಿ ಇದರ ಇನ್ನೊಂದು ಮುಖವಿದೆ: ಬಡವ ಸಾಲ ಮಾಡುತ್ತಾನೆ, ಬಡ್ಡಿ ಒಪ್ಪುತ್ತಾನೆ, ಕಟ್ಟಲಾಗದಾಗ ಹಿಂದೆ ಬೀಳುತ್ತಾರೆ, ಕೊನೆಗೆ ಕಟ್ಟಿಹಾಕುತ್ತಾರೆ. ನಮ್ಮ ಮನೆಗಳಲ್ಲಿ ಈ ಸುತ್ತಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮದುವೆಗೆ, ಒಂದು ಮೂಟೆ ರಾಗಿಗೆ ತಂದ ಸಾಲ ತೀರದೆ ಜೀತಕ್ಕಿದ್ದವರ ಮಕ್ಕಳು ಮೊಮ್ಮಕ್ಕಳು ನಾವು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಈಗ ಗೌಡರ ಹಟ್ಟಿಯ ಬದಲು ಫೋನಿನ ಪರದೆ ಬಂದಿದೆ, ಹೆಬ್ಬೆಟ್ಟು ಈಗಲೂ ನಮ್ಮದೇ. ಕಂತು ತಪ್ಪಿದರೆ ಫೋನಿನಲ್ಲಿರುವ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮರ್ಯಾದೆ ಕಳೆಯುವ ಆ್ಯಪುಗಳಿವೆ. ಮುಂದಿನ ವಾರ ಪರೀಕ್ಷೆ ಇರುವ ಹುಡುಗನಿಗೆ ಆ ಕರೆ ಬಂದರೆ ಏನಾದೀತು ಎಂದು ಹಾಸ್ಟೆಲಿಗೆ ಮಕ್ಕಳನ್ನು ಕಳಿಸಿರುವ ತಾಯಿ ತಂದೆ ಯೋಚಿಸಬೇಕು, ಮನೆಯಲ್ಲಿ ಈ ಮಾತು ಎತ್ತಬೇಕು.

ಕೊನೆಗೊಂದು ಮಾತು ಆ ಹುಡುಗನಿಗೆ. ಮುಂದೆ ಕೆಲಸ ಸಿಕ್ಕಿ ಈ ವಾಚನ್ನು ಇನ್ನೊಬ್ಬರಿಗೆ ಮಾರುವ ದಿನ ಬರಬಹುದು. ಪ್ರತಿ ಭಾನುವಾರ ಹೇಳುವ ನಾಲ್ಕನೆಯ ಶೀಲ ಅಲ್ಲಿಯೂ ಇದೆ. ಡಯಲಿಗೆ ಬಣ್ಣ ಹೊಡೆಸಿದ್ದರೆ ಹೊಡೆಸಿದೆ ಎನ್ನು, ಮುಳ್ಳು ಬದಲಿಸಿದ್ದರೆ ಬದಲಿಸಿದೆ ಎನ್ನು, ಹಿಂದಿನ ಮುಚ್ಚಳ ನೀನೇ ತೆಗೆದು ತೋರಿಸು. ಇನ್ನೂರು ಮುನ್ನೂರು ಕಡಿಮೆ ಸಿಕ್ಕೀತು.

ಭವತು ಸಬ್ಬ ಮಂಗಲಂ. ಜೈಭೀಮ್.