ಆಕಾಶ ದೂರ ಸರಿದರೂ ಕರ್ತನು ದೂರವಿಲ್ಲ

ಧ್ಯಾನ ಭಾಗ: ಯೆಶಾಯ 40:21-31

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ಯೂತ್ ಮೀಟಿಂಗ್‌ನಲ್ಲಿ ಡಾರ್ಕ್ ಎನರ್ಜಿ ಬಗ್ಗೆ ಮಾತಾಡಿದ್ದೆ. "ವಿಜ್ಞಾನಿಗಳಿಗೆ ಅದೇನು ಅಂತ ಗೊತ್ತಿಲ್ಲ, ನಮಗೆ ಗೊತ್ತು, ಅದು ದೇವರ ಶಕ್ತಿ" ಅಂದೆ. ನೀವೆಲ್ಲಾ ಜೋರಾಗಿ ಹಲ್ಲೆಲೂಯಾ ಅಂದ್ರಿ. ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಬ್ರದರ್, ನಾಳೆ ಅದೇನು ಅಂತ ಕಂಡುಹಿಡಿದ್ರೆ ನಮ್ಮ ದೇವರು ಚಿಕ್ಕವನಾಗ್ತಾನಾ?" ನಾನು, "ಜಾಸ್ತಿ ತಲೆ ಓಡಿಸ್ಬೇಡ, ಪ್ರಾರ್ಥನೆ ಮಾಡು" ಅಂದುಬಿಟ್ಟೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಆಗ ಕೂತು ಓದಿದೆ. ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಅಂತ 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದರು. ಗುರುತ್ವಾಕರ್ಷಣೆ ಹಿಂದಕ್ಕೆ ಎಳೆಯೋದರಿಂದ, ಮೇಲಕ್ಕೆ ಎಸೆದ ಕಲ್ಲಿನ ಹಾಗೆ, ಈ ಓಟ ನಿಧಾನವಾಗಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳ, ಅಂದ್ರೆ ಸಿಡಿಯುವ ನಕ್ಷತ್ರಗಳ, ಬೆಳಕನ್ನು ಅಳೆದಾಗ ಅದು ನಿರೀಕ್ಷೆಗಿಂತ ಮಂಕಾಗಿತ್ತು. ಅಂದ್ರೆ ಅವು ಇನ್ನೂ ದೂರದಲ್ಲಿದ್ದವು. ಓಟ ನಿಧಾನವಾಗಿರಲಿಲ್ಲ, ವೇಗ ಹೆಚ್ಚುತ್ತಿತ್ತು! ಇದಕ್ಕೆ ಸಾಲ್ ಪರ್ಲ್‌ಮಟರ್, ಬ್ರಯಾನ್ ಶ್ಮಿಟ್, ಆಡಮ್ ರೀಸ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಇದರ ಕಾರಣಕ್ಕೆ ಇಟ್ಟ ಹೆಸರೇ ಡಾರ್ಕ್ ಎನರ್ಜಿ. ವಿಶ್ವದ ಸುಮಾರು 68 ಶೇಕಡಾ ಅದೇ. ನಕ್ಷತ್ರ, ಭೂಮಿ, ನೀವು, ನಾನು ಎಲ್ಲಾ ಸೇರಿ ಬರೀ 5 ಶೇಕಡಾ.

ಇತ್ತೀಚೆಗೆ ಡೆಸಿ ಅನ್ನೋ ಸಮೀಕ್ಷೆಯಲ್ಲಿ ಡಾರ್ಕ್ ಎನರ್ಜಿ ಕಾಲ ಕಳೆದಂತೆ ದುರ್ಬಲವಾಗುತ್ತಿರಬಹುದು ಅನ್ನೋ ಸುಳಿವು ಸಿಕ್ಕಿದೆ. ಇನ್ನೂ ಖಚಿತವಾಗಿಲ್ಲ. ಅದನ್ನ ಓದಿ ನನ್ನ ಎದೆ ಝಲ್ ಅಂತು. ಹಾಗಾದ್ರೆ ನನ್ನ ಪ್ರಸಂಗದ ಪ್ರಕಾರ ದೇವರೂ ದುರ್ಬಲವಾದನಾ? ಇಲ್ಲ ಪ್ರಿಯರೇ! ಗುರುತ್ವದ ಹಾಗೆ ಅದೂ ಸೃಷ್ಟಿಯೇ. ಸೃಷ್ಟಿಯನ್ನ ಸೃಷ್ಟಿಕರ್ತನ ಜಾಗದಲ್ಲಿ ಇಡಬೇಡಿ ಅಂತ ರೋಮಾಪುರದವರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯ ಎಚ್ಚರಿಸುತ್ತೆ. ನಾನು ಮಾಡಿದ್ದು ಅದನ್ನೇ.

ಈಗ ಯೆಶಾಯ 40ಕ್ಕೆ ಬನ್ನಿ. 22ನೇ ವಚನದಲ್ಲಿ ದೇವರು ಆಕಾಶವನ್ನು ಪರದೆಯಂತೆ ಹರಡುತ್ತಾನೆ. "ನೋಡಿ, ವಿಜ್ಞಾನ ಈಗ ಹೇಳಿದ್ದನ್ನ ಬೈಬಲ್ ಆಗಲೇ ಹೇಳಿತ್ತು" ಅಂತ ನಾವು ಅಲ್ಲಿಗೇ ನಿಲ್ಲಿಸ್ತೀವಿ. ಮುಂದೆ ಓದಿ. 27ನೇ ವಚನದಲ್ಲಿ ಇಸ್ರಾಯೇಲ್ಯರು ಅಳುತ್ತಿದ್ದಾರೆ: ನಮ್ಮ ದಾರಿ ದೇವರ ಕಣ್ಣಿಗೇ ಬೀಳುತ್ತಿಲ್ಲ, ನಮ್ಮ ನ್ಯಾಯ ಆತನಿಗೆ ನೆನಪಿಲ್ಲ ಅಂತ. ಬಾಬೆಲಿನ ಸೆರೆಯಲ್ಲಿ ನೊಂದವರಿಗಾಗಿ ಬಂದ ಮಾತಿದು. ಅವರ ಪ್ರಶ್ನೆ, "ಆಕಾಶ ಎಷ್ಟು ದೊಡ್ಡದು?" ಅಂತಲ್ಲ. "ಇಷ್ಟು ದೊಡ್ಡದರಲ್ಲಿ ನಾನು ಕಾಣ್ತೀನಾ?" ಅಂತ. ಒಂದೊಂದು ನಕ್ಷತ್ರವನ್ನೂ ಹೆಸರು ಹಿಡಿದು ಕರೆಯುವ ದೇವರು ಅವರಿಗೆ ಉತ್ತರ ಕೊಡ್ತಾನೆ. ಪ್ರಶ್ನೆ ಕೇಳಿದ್ದಕ್ಕೆ ಹೊರಗೆ ಹಾಕಲಿಲ್ಲ. ದಣಿದವರಿಗೆ ಬಲ ಕೊಟ್ಟ.

ನಾನು ಆ ತಮ್ಮನಿಗೆ ಬಲ ಕೊಡಲಿಲ್ಲ, ಬಾಯಿ ಮುಚ್ಚಿಸಿದೆ. ಹೋದ ವಾರ ಫೋನ್ ಮಾಡಿ ಕ್ಷಮೆ ಕೇಳಿದೆ. "ನೋಡ್ತೀನಿ ಬ್ರದರ್" ಅಂದ. ಇವತ್ತೂ ಬಂದಿಲ್ಲ. ಮತ್ತೆ ಮಾಡ್ತೀನಿ.

ನಿಮ್ಮ ಪಕ್ಕದಲ್ಲಿ ಕೂರ್ತಿದ್ದವರು ಯಾರು ಈಗ ಕಾಣ್ತಿಲ್ಲ? ಈ ವಾರ ಒಬ್ಬರಿಗೆ ಫೋನ್ ಮಾಡಿ. ಉಪದೇಶ ಬೇಡ, ಕೇಳಿಸಿಕೊಳ್ಳಿ.

ಕಣ್ಣು ಮುಚ್ಚೋಣ. ಕರ್ತನೇ, ನಿನ್ನಿಂದ ದೂರ ಸರಿದೆ ಅಂದುಕೊಂಡವರನ್ನ ಇವತ್ತೇ ಹೆಸರು ಹಿಡಿದು ಕರೆ. ಅವರನ್ನ ದೂರ ತಳ್ಳಿದ ನಮ್ಮನ್ನ ಕ್ಷಮಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.