ಮೊದಲ ಮಾತೋ, ಕೊನೆಯ ಮಾತೋ

ಆ್ಯಂಟ್ ಎಂಬ ಬಿಲ್ಡ್ ಸಾಧನ ಹುಟ್ಟಿದ್ದು ಸನ್ ಕಂಪನಿಯಲ್ಲಿ, ಜೇಮ್ಸ್ ಡಂಕನ್ ಡೇವಿಡ್‌ಸನ್ ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರಿನ ಕೆಲಸದಲ್ಲಿದ್ದಾಗ. 2000ದ ಜುಲೈನಲ್ಲಿ ಅದು ಸ್ವತಂತ್ರವಾಗಿ ಹೊರಬಂತು. ಅದರಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರಾಪರ್ಟಿಯೊಂದಕ್ಕೆ, ಅಂದರೆ ಹೆಸರಿಟ್ಟ ಸೆಟ್ಟಿಂಗಿಗೆ, ಯಾರು ಮೊದಲು ವ್ಯಾಲ್ಯೂ ಕೊಟ್ಟರೋ ಅವರದೇ ಮಾತು. ಆಮೇಲೆ ಬಂದ ಫೈಲು ಬೇರೆ ಏನೇ ಹೇಳಿದರೂ ನಡೆಯದು. ಹಾಗಾಗಿ ಸ್ಕ್ರಿಪ್ಟ್ ಬರೆಯುವವರು ಲೋಡ್ ಮಾಡುವ ಸರದಿಯನ್ನು ಯೋಚಿಸಿಯೇ ಇಡುತ್ತಾರೆ: ಮೊದಲು ಕೆಲಸಗಾರನ ಹೋಮ್ ಫೋಲ್ಡರಿನ ಫೈಲು, ಆಮೇಲೆ ಪ್ರಾಜೆಕ್ಟಿನದು, ಕೊನೆಗೆ ಎಲ್ಲರಿಗೂ ಅನ್ವಯಿಸುವ ಡಿಫಾಲ್ಟ್. ಕಮಾಂಡ್ ಲೈನಿನಲ್ಲಿ ಕೊಟ್ಟದ್ದಂತೂ ಇವೆಲ್ಲಕ್ಕೂ ಮುಂಚೆಯೇ ಬಂದು ಕೂತಿರುತ್ತದೆ.

ವಿಚಿತ್ರವೆಂದರೆ, ಒಂದೇ ಫೈಲಿನೊಳಗೆ ನಿಯಮ ತಿರುಗಿಬೀಳುತ್ತದೆ. ಪ್ರಾಪರ್ಟಿ ಫೈಲನ್ನು ಓದುವುದು ಜಾವಾ. ಒಂದೇ ಹೆಸರು ಎರಡು ಸಾಲಿನಲ್ಲಿ ಬಂದರೆ ಅದು ಹಿಡಿಯುವುದು ಕೊನೆಯ ಸಾಲನ್ನು. ಫೈಲು ಫೈಲುಗಳ ನಡುವೆ ಮೊದಲಿನದಕ್ಕೆ ಜಯ, ಫೈಲಿನೊಳಗೆ ಕೊನೆಯದಕ್ಕೆ.

ಮೊದಲ ಮಾತೋ, ಕೊನೆಯ ಮಾತೋ ಎಂಬ ಈ ಪ್ರಶ್ನೆ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಎರಡು ಮಾತುಗಳು ಒಂದಕ್ಕೊಂದು ಒಗ್ಗದಿದ್ದಾಗ ಯಾವುದನ್ನು ನಂಬಬೇಕು ಎಂಬುದನ್ನು ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ಶತಮಾನಗಟ್ಟಲೆ ಚರ್ಚಿಸಿದ್ದಾರೆ. ಅಚ್ಚರಿಯೆಂದರೆ ಅವರ ಬಳಿಯೂ ಎರಡೂ ನಿಯಮಗಳಿವೆ.

ಜೈಮಿನಿಯ ಮೀಮಾಂಸಾ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ ಇದು. ವೇದವಾಕ್ಯವೊಂದು ಮೂರು ವೇದಗಳು ಹುಟ್ಟಿದ ಕತೆಯಿಂದ ಶುರುವಾಗಿ, ಋಕ್ಕನ್ನು ಗಟ್ಟಿಯಾಗಿ, ಯಜುಸ್ಸನ್ನು ಮೆಲ್ಲಗೆ ಹೇಳಬೇಕೆಂದು ಮುಗಿಯುತ್ತದೆ. ಕೊನೆಯ 'ಋಕ್ಕು' ಬರಿಯ ಮಂತ್ರವೋ, ಇಡೀ ಋಗ್ವೇದವೋ? ಆರಂಭ ವೇದಗಳ ಬಗ್ಗೆ ಇರುವುದರಿಂದ ಕೊನೆಯೂ ವೇದವನ್ನೇ ಹೇಳುತ್ತದೆ ಎಂಬುದು ತೀರ್ಮಾನ. ಮೊದಲ ಮಾತು ಬಂದಾಗ ಅದಕ್ಕೆ ಎದುರಾಳಿಯೇ ಇರಲಿಲ್ಲ. ಅದು ಬೇರೂರಿದ ಮೇಲೆ ಬಂದದ್ದು ಅದಕ್ಕೆ ಹೊಂದಿಕೊಳ್ಳಬೇಕು.

ಆರನೆಯ ಅಧ್ಯಾಯದಲ್ಲಿ ಚಿತ್ರವೇ ಬೇರೆ. ಸೋಮಯಾಗದಲ್ಲಿ ಋತ್ವಿಜರು ಒಬ್ಬರ ಹಿಂದೊಬ್ಬರು ಹಿಡಿದುಕೊಂಡು ಸಾಲಾಗಿ ಸಾಗಬೇಕು. ಅವರಲ್ಲಿ ಉದ್ಗಾತೃ ಕೈ ಬಿಟ್ಟರೆ ದಕ್ಷಿಣೆಯಿಲ್ಲದೆ ಯಾಗ ಮುಗಿಸಿ, ಮತ್ತೆ ಮಾಡಬೇಕು. ಪ್ರತಿಹರ್ತೃ ಬಿಟ್ಟರೆ ಯಜಮಾನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಒಬ್ಬರಾದ ಮೇಲೆ ಒಬ್ಬರು ಇಬ್ಬರೂ ಬಿಟ್ಟರೆ? ಇಲ್ಲಿ ಕೊನೆಗೆ ಬಿಟ್ಟವರ ಪ್ರಾಯಶ್ಚಿತ್ತವೇ ನಿಲ್ಲುತ್ತದೆ. ಇದೇ ಅಪಚ್ಛೇದ ನ್ಯಾಯ.

ಇವೆರಡನ್ನೂ ಕೂಡಿಸಿ ನೋಡಿದವರು ಕುಮಾರಿಲ ಭಟ್ಟರು. ಎರಡು ತಿಳಿವಳಿಕೆಗಳು ಒಂದರ ಹಂಗಿಲ್ಲದೆ ಇನ್ನೊಂದು ಹುಟ್ಟಿದಲ್ಲಿ ಮಾತ್ರ ಹಿಂದಿನದಕ್ಕಿಂತ ಮುಂದಿನದು ಬಲ ಎಂಬುದು ಅವರ ನಿಲುವು. ಆ್ಯಂಟಿನ ಒಗಟಿಗೂ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಮೊದಲ ಫೈಲು ರೂಟ್ ಫೋಲ್ಡರ್ ಯಾವುದೆಂದು ಹೇಳುತ್ತದೆ. ಎರಡನೆಯದು ಅದೇ ಹೆಸರನ್ನು ಬಳಸಿ ಲಾಗ್ ಫೋಲ್ಡರು, ಡೇಟಾ ಫೋಲ್ಡರುಗಳನ್ನು ಕಟ್ಟುತ್ತದೆ. ಆ್ಯಂಟ್ ಅವನ್ನು ಆಗಲೇ ಬಿಡಿಸಿ ಬರೆದುಕೊಂಡುಬಿಡುತ್ತದೆ. ಮೂರನೆಯ ಫೈಲು ರೂಟನ್ನು ಬದಲಿಸುವಂತಿದ್ದರೆ ಲಾಗು ಹಳೆಯ ಜಾಗದಲ್ಲಿ, ಪ್ರೋಗ್ರಾಂ ಹೊಸ ಜಾಗದಲ್ಲಿ ಉಳಿಯುತ್ತಿತ್ತು. ಒಂದೇ ಫೈಲಿನಲ್ಲಿ ಮರುಕಳಿಸಿದ ಎರಡು ಸಾಲುಗಳಿಗೆ ಅಂಥ ಹಂಗಿಲ್ಲ. ಕೊನೆಯದು ಗೆದ್ದರೆ ಏನೂ ಕುಸಿಯದು.

ದಕ್ಷಿಣ ಭಾರತದಲ್ಲಿ ಈ ಚರ್ಚೆ ದೊಡ್ಡ ಜಟಾಪಟಿಯೇ ಆಯಿತು. ವಿಜಯನಗರದ ದ್ವೈತ ಗುರು ವ್ಯಾಸತೀರ್ಥರು (1460–1539) ಗ್ರಂಥದ ಅರ್ಥ ನಿರ್ಧರಿಸುವುದರಲ್ಲಿ ಉಪಸಂಹಾರಕ್ಕೇ, ಅಂದರೆ ಕೊನೆಯ ಮಾತಿಗೇ, ಹೆಚ್ಚು ಬಲ ಎಂದರು. ಅದ್ವೈತಿ ಅಪ್ಪಯ್ಯ ದೀಕ್ಷಿತರು 'ಉಪಕ್ರಮಪರಾಕ್ರಮ' ಬರೆದು ಆರಂಭದ ಪರ ವಾದಿಸಿದರು. ವ್ಯಾಸತೀರ್ಥರ ಶಿಷ್ಯ ವಿಜಯೀಂದ್ರ ತೀರ್ಥರು ಸುಮ್ಮನಿರದೆ 'ಉಪಸಂಹಾರವಿಜಯ'ದಿಂದ ಉತ್ತರ ಕೊಟ್ಟರು.

ವಾದದ ಬೇರು ಇನ್ನೂ ಆಳದಲ್ಲಿದೆ. ಜಗತ್ತು ನಿಜವೆಂದು ಕಣ್ಣು ಮೊದಲು ಹೇಳುತ್ತದೆ. ಇರುವುದು ಒಂದೇ ಎಂದು ಶ್ರುತಿ, ಅಂದರೆ ವೇದ, ಆಮೇಲೆ ಹೇಳುತ್ತದೆ. ಅಪಚ್ಛೇದದಂತೆ ಮುಂದಿನದೇ ಗೆಲ್ಲಲಿ ಎಂಬುದು ಅದ್ವೈತಿಗಳ ವಾದ. 'ನ್ಯಾಯಾಮೃತ'ದಲ್ಲಿ ವ್ಯಾಸತೀರ್ಥರು ಒಪ್ಪಲಿಲ್ಲ: ಶ್ರುತಿಯನ್ನು ಕೇಳುವುದಕ್ಕೇ ಇಂದ್ರಿಯ ಬೇಕು, ತನ್ನನ್ನು ಹೊತ್ತದ್ದನ್ನು ಅದು ಕೆಡವಲಾರದು. ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಮರುನುಡಿದರು: ಶ್ರುತಿಗೆ ಬೇಕಾದದ್ದು ಪ್ರತ್ಯಕ್ಷದ ವ್ಯಾವಹಾರಿಕ ಸತ್ಯವಷ್ಟೇ, ಅದರ ಪರಮಾರ್ಥವನ್ನಲ್ಲ. ಯಾರು ಗೆದ್ದರೆಂಬುದನ್ನು ಮತಗಳು ತಮ್ಮ ತಮ್ಮಂತೆ ಹೇಳುತ್ತವೆ. ಆದರೆ ಇಬ್ಬರೂ ಕೇಳಿದ್ದು ಯಾವುದು ಯಾವುದನ್ನು ಆಧರಿಸಿದೆ ಎಂದೇ.

ಒಂದು ವಿಷಯದಲ್ಲಿ ಮಾತ್ರ ಮೀಮಾಂಸಕರ ಪದ್ಧತಿಯೇ ಮೇಲು. ಅವರು ಸೋತ ಪಕ್ಷವನ್ನು ಪೂರ್ವಪಕ್ಷವೆಂದು ಪೂರ್ತಿಯಾಗಿ ಬರೆದಿಟ್ಟ ಮೇಲೇ ಸಿದ್ಧಾಂತಕ್ಕೆ ಬರುತ್ತಾರೆ. ಆ್ಯಂಟ್ ಎರಡನೆಯ ವ್ಯಾಲ್ಯೂವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬಿಟ್ಟೆನೆಂದು ಹೇಳುವುದು ವರ್ಬೋಸ್ ಮೋಡಿನಲ್ಲಿ ಮಾತ್ರ. ಇದು ಸಣ್ಣ ಕೊರತೆಯಲ್ಲ. ತನ್ನ ಸಾಲು ಏಕೆ ನಡೆಯಲಿಲ್ಲವೆಂದು ತಿಳಿಯುವ ಹಕ್ಕು ಅದನ್ನು ಬರೆದವನಿಗಿದೆ. ಹಳೆಯ ಬಿಲ್ಡ್ ಸ್ಕ್ರಿಪ್ಟೊಂದು ನಿಮ್ಮ ಕೈಗೆ ಬಂದರೆ, ಏನನ್ನೂ ತಿದ್ದುವ ಮುಂಚೆ ಒಮ್ಮೆ ಆ ಮೋಡಿನಲ್ಲಿ ಓಡಿಸಿ, ತಳ್ಳಿಹಾಕಿದವುಗಳ ಪಟ್ಟಿಯನ್ನು ಪೂರ್ತಿ ಓದಿ.