ಇಂದಿನ ಧಮ್ಮ ಚಿಂತನೆ: ಐಸ್ ಮೇಲೆ ಇಡದ ಟ್ಯೂಬು



ಆಂಡರ್ಸನ್‌ಪೇಟೆ ಅಧ್ಯಯನ ಬಳಗದ ಬಂಧುಗಳೇ,

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಅನೇಕರಂತೆ ನಾನೂ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದವನು. ಔಷಧ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ. ಮಾತ್ರೆ ನುಂಗಿದ ಸ್ವಯಂಸೇವಕರ ರಕ್ತವನ್ನು ಹೇಳಿದ ಹೊತ್ತಿಗೆ ತೆಗೆದು, ಅದರಲ್ಲಿ ಔಷಧ ಎಷ್ಟಿದೆ ಎಂದು ಅಳೆಯಲು ಸಿದ್ಧಮಾಡಬೇಕು.

ಅನಿಚ್ಚ ಎಂದರೇನು ಎಂದು ನನಗೆ ಕಲಿಸಿದ್ದು ಆಸ್ಪಿರಿನ್. ರಕ್ತದಲ್ಲಿರುವ ಎಸ್ಟರೇಸ್ ಎಂಬ ಕಿಣ್ವಗಳು ಅದನ್ನು ಒಡೆದು ಸ್ಯಾಲಿಸಿಲಿಕ್ ಆಮ್ಲ ಮಾಡುತ್ತವೆ. ದೇಹದೊಳಗೆ ಸುಮಾರು 15ರಿಂದ 20 ನಿಮಿಷಕ್ಕೆ ಅರ್ಧ ಕರಗುತ್ತದೆ. ಟ್ಯೂಬಿಗೆ ಬಂದ ಮೇಲೂ ಕಿಣ್ವ ಸುಮ್ಮನಿರುವುದಿಲ್ಲ. ಅದಕ್ಕೇ ಟ್ಯೂಬಿನಲ್ಲಿ ಮೊದಲೇ ಪೊಟ್ಯಾಸಿಯಂ ಆಕ್ಸಲೇಟ್, ಸೋಡಿಯಂ ಫ್ಲೋರೈಡ್ ಇರುತ್ತವೆ. ಮೊದಲನೆಯದು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಂಡರೆ, ಎರಡನೆಯದು ಕಿಣ್ವದ ಕೈ ಹಿಡಿಯುತ್ತದೆ. ಶುಗರ್ ಪರೀಕ್ಷೆಗೆ ನಮ್ಮ ರಕ್ತ ಹಾಕುವ ಬೂದು ಮುಚ್ಚಳದ ಟ್ಯೂಬಿನಲ್ಲೂ ಇವೇ ಇರುತ್ತವೆ. ಆಮೇಲೆ ಟ್ಯೂಬನ್ನು ಕೂಡಲೇ ಐಸ್ ನೀರಿನಲ್ಲಿಡಬೇಕು, ತಣ್ಣಗಿನ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು, ಮೈನಸ್ 70 ಡಿಗ್ರಿಯಲ್ಲಿ ಇಡಬೇಕು.

ಒಂದು ದಿನ ಮನೆಯಿಂದ ಫೋನ್ ಬಂತು. ಮಾತು ಮುಗಿಸಿ ಬಂದಾಗ ಒಂದು ಟ್ಯೂಬು ಅರ್ಧ ಗಂಟೆಯಿಂದ ಮೇಜಿನ ಮೇಲೇ ಇತ್ತು. ಯಾರೂ ನೋಡಿರಲಿಲ್ಲ. ರಕ್ತದ ಬಣ್ಣವೂ ಬದಲಾಗಿರಲಿಲ್ಲ. ರಿಜಿಸ್ಟರ್‌ನಲ್ಲಿ ಸರಿಯಾದ ಸಮಯವೇ ಬರೆದುಬಿಟ್ಟೆ.

ಸಂಜೆ ರೈಲಿನಲ್ಲಿ ಆ ಸ್ವಯಂಸೇವಕನ ತೋಳು ಕಣ್ಣಮುಂದೆ ಬಂತು. ನನ್ನ ಹಾಗೇ ಸಂಸಾರಕ್ಕಾಗಿ ದುಡಿಯುವವನು. ಎಷ್ಟು ಸಲ ಸೂಜಿ ಚುಚ್ಚಿಸಿಕೊಂಡಿದ್ದ! ಅವನು ಕೊಟ್ಟ ರಕ್ತದಿಂದ ನಾನು ಸುಳ್ಳು ಹೇಳಿಸುತ್ತಿದ್ದೆ. ಭಗವಾನರು ಬಾಲಕ ರಾಹುಲನಿಗೆ ನೀರಿನ ಪಾತ್ರೆ ತೋರಿಸಿ, ತಿಳಿದೂ ಸುಳ್ಳಾಡಲು ನಾಚದವನ ಸಾಧನೆ ಆ ಬರಿದಾದ ಪಾತ್ರೆಯಂತೆ ಎಂದು ತಿಳಿಸಿದ್ದು ನೆನಪಾಯಿತು. ಅದೇ ಉಪದೇಶದಲ್ಲಿ ದಾರಿಯೂ ಇದೆ: ತಪ್ಪಾಗಿದ್ದರೆ ಬಲ್ಲವರ ಮುಂದೆ ತೆರೆದಿಡು, ಮುಂದೆ ಎಚ್ಚರವಾಗಿರು.

ಮರುದಿನ ಬೆಳಿಗ್ಗೆ ಮೇಲಿನವರಿಗೆ ಹೇಳಿದೆ. ತಪ್ಪು ಸಮಯಕ್ಕೆ ಒಂದೇ ಗೆರೆ ಎಳೆದು, ನಿಜವಾದದ್ದು ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ. ಬೈಗುಳ ಸಿಕ್ಕಿತು. ಆ ಸ್ಯಾಂಪಲ್ ಲೆಕ್ಕದಿಂದ ಹೊರಗುಳಿಯಿತು. ಆದರೆ ಅಂದು ರೈಲಿನಲ್ಲಿ ನಿದ್ದೆ ಬಂತು.

ಬಂಧುಗಳೇ, ಎಲ್ಲವೂ ಅನಿತ್ಯ ಎಂದು ಹೇಳಿ ಕೈಚೆಲ್ಲುವುದು ಸುಲಭ. ಬದಲಾಗುತ್ತದೆ ಎಂಬುದಕ್ಕೇ ಹೆಚ್ಚು ಜಾಗ್ರತೆ ಬೇಕು. ಐಸ್ ಬದಲಾವಣೆಯನ್ನು ನಿಲ್ಲಿಸದು, ನಿಧಾನ ಮಾಡುತ್ತದೆ ಅಷ್ಟೆ. ಸಿಟ್ಟು ಬಂದಾಗ ಒಂದು ಉಸಿರು ಗಮನಿಸುವುದೂ ಹಾಗೆಯೇ. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲೂ ಹೊತ್ತಿದೆ. ತಡಮಾಡಿದಷ್ಟೂ ಅದು ಮನಸ್ಸಿನಲ್ಲಿ ಬೇರೆಯೇ ಕಥೆಯಾಗಿ ಕರಗಿಹೋಗುತ್ತದೆ.

ಅಯೋತಿದಾಸ ಪಂಡಿತರ ಕಾಲದಿಂದ, ನೂರು ವರ್ಷಕ್ಕೂ ಹಿಂದಿನಿಂದ ಧಮ್ಮ ಕೇಳಿದ ನೆಲ ನಮ್ಮದು. ಇಂದು ನಮ್ಮ ಮೇಜಿನ ಮೇಲೆ ಮರೆತ ಟ್ಯೂಬು ಯಾವುದು? ಮಲಗುವ ಮುಂಚೆ ಒಮ್ಮೆ ನೋಡಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🪷